ಶಿಡ್ಲಘಟ್ಟದ ಮೋರಿಯಲ್ಲಿ ಸಿಕ್ಕ ವೈರಸ್

ನಾನು ಮೋರಿ ನೀರು ಹಿಡಿಯುವವಳು. ಮೈಕ್ರೊಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡಿ ಕೊನೆಗೆ ಮೋರಿಗೆ ಬಿದ್ದಳು ಎಂದು ನೆಂಟರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ವಾರದಲ್ಲಿ ಒಂದೊಂದು ದಿನ ಒಂದೊಂದು ಊರು: ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಆಮೇಲೆ ನಮ್ಮ ಲ್ಯಾಬ್ ಇರುವ ಚಿಕ್ಕಬಳ್ಳಾಪುರ. ಮ್ಯಾನ್‌ಹೋಲಿಗೆ ಹಗ್ಗ ಕಟ್ಟಿದ ಬಾಟಲಿ ಇಳಿಸಿ, ತುಂಬಿದ್ದನ್ನು ಐಸ್ ಡಬ್ಬಿಯಲ್ಲಿಟ್ಟು, ಸ್ಕೂಟರಿನ ಹಿಂದೆ ಕಟ್ಟಿಕೊಂಡು ಬರುತ್ತೇನೆ. ಮೂಗು ಮುಚ್ಚಿಕೊಂಡು ನಿಂತ ಜನಕ್ಕೆ ನನ್ನ ಖುಷಿ ಅರ್ಥವಾಗುವುದಿಲ್ಲ.

ಕೊರೊನಾ ಬಂದಾಗ ನಾವೆಲ್ಲ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವರು. ಮುಂದಿನ ಸಲ ಹಾಗಾಗಬಾರದು ಎಂದೇ ಈ ಕೆಲಸ. ಕಾಯಿಲೆಯವರು ಆಸ್ಪತ್ರೆಗೆ ಬರುವ ಮೊದಲೇ ಕಾಯಿಲೆಯ ವೈರಸ್ ಮೋರಿಗೆ ಬಂದಿರುತ್ತದೆ. ಲ್ಯಾಬಿನಲ್ಲಿ ಅಂಗೈಯಗಲದ ಒಂದು ಯಂತ್ರ ಆ ನೀರಿನಲ್ಲಿರುವ ಜೀನೋಮಿನ ಚೂರುಗಳನ್ನು ಓದಿ, ಅಕ್ಷರ ಅಕ್ಷರವಾಗಿ ಲ್ಯಾಪ್‌ಟಾಪಿಗೆ ಕೊಡುತ್ತದೆ. ಅಲ್ಲಿಂದ ಮುಂದೆ ಕೃತಕ ಬುದ್ಧಿಮತ್ತೆಯ ಕಾರುಬಾರು. ಲೋಕದ ಸಾವಿರಾರು ವೈರಸ್‌ಗಳ ಜೀನೋಮ್ ಓದಿ ಕಲಿತ ಆ ಪ್ರೋಗ್ರಾಮ್, ಇದು ಯಾವ ಜಾತಿಯದು, ಹೇಗೆ ಬದಲಾಗುತ್ತಿದೆ, ನಾಳೆ ಯಾವ ಕಡೆ ಹೊರಟೀತು ಎಂದು ಅಂದಾಜು ಹೇಳುತ್ತದೆ. ಪರದೆಯ ಮೇಲೆ ಅಕ್ಷರಗಳು ಸುರಿಯತೊಡಗಿದರೆ ನಾನು ಊಟ ಮರೆಯುತ್ತೇನೆ. ನಮ್ಮ ಊರುಗಳ ನೀರಿನಲ್ಲಿ ಯಾವಾಗಲೂ ಎಲ್ಲಕ್ಕಿಂತ ಹೆಚ್ಚು ಸಿಗುವುದು ಮೆಣಸಿನಕಾಯಿ ಗಿಡದ ವೈರಸ್. ನಮ್ಮ ಸಾರಿನ ಖಾರ ಅಂಥದ್ದು.

ಶಿಡ್ಲಘಟ್ಟದ ಹತ್ತಿರದ ಮೇಲೂರಿನಲ್ಲಿ ನನ್ನ ಅಕ್ಕ ರೇಷ್ಮೆ ಹುಳು ಸಾಕುತ್ತಾಳೆ. ಕಳೆದ ಸಲ ಅವಳ ಬೆಳೆ ಪೂರ್ತಿ ಹೋಗಿತ್ತು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ಸೊಪ್ಪು ಬಿಟ್ಟು, ಮೆತ್ತಗಾಗಿ ಸತ್ತಿದ್ದವು. "ಇನ್ನೊಂದ್ಸಲ ಹಿಂಗಾದ್ರೆ ಹುಳು ಮನೆ ಬಾಗಿಲು ಹಾಕ್ಬಿಡ್ತೀನಿ ಕಣೇ. ಸತ್ತ ಹುಳ ಗುಡಿಸೋಕೆ ನನ್ ಕೈಲಿ ಆಗಲ್ಲ" ಎಂದಿದ್ದಳು. ಬಾಯಲ್ಲಿ ಹೇಳಿ ಬಿಡುವವಳಲ್ಲ ಅವಳು, ಹೇಳಿದರೆ ಮಾಡುತ್ತಾಳೆ. ಅವ್ವನ ಕಾಲದಿಂದ ಹುಳು ಸಾಕಿದ ಮನೆ ಅದು. ಮುಚ್ಚುವುದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಶಿಡ್ಲಘಟ್ಟದ ನೀರು ನಮ್ಮ ಪ್ರೋಗ್ರಾಮನ್ನು ಎಬ್ಬಿಸಿ ಕೂರಿಸಿತು. ಪರದೆಯ ಮೇಲೆ ಕೆಂಪು ಗೆರೆ. ಹೊಸ ವೈರಸ್, ಪೋಲಿಯೊ ವೈರಸ್ಸಿನ ದೂರದ ಬಳಗ, ವಾರದಿಂದ ವಾರಕ್ಕೆ ಏರುತ್ತಿದೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಭಯವಾಯಿತೇ ಎಂದರೆ, ಆಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಇಷ್ಟು ಕಾಲ ಬಾಟಲಿ ಇಳಿಸಿದ್ದಕ್ಕೆ ಇವತ್ತು ಏನೋ ಸಿಕ್ಕಿತು, ಅದೂ ಲೋಕದಲ್ಲಿ ಎಲ್ಲರಿಗಿಂತ ಮೊದಲು ನನಗೆ.

ಬೆಂಗಳೂರಿನಲ್ಲಿರುವ ನಮ್ಮ ತಂಡದ ಮೇಡಂಗೆ ಫೋನ್ ಮಾಡಿದೆ. "ಮಕ್ಕಳಲ್ಲಿ ಕಾಯಿಲೆ ಇದೆಯಾ, ಮೊದಲು ವಿಚಾರಿಸಿ. ಅಲ್ಲಿವರೆಗೆ ಯಾರಿಗೂ ಹೇಳೋದು ಬೇಡ. ಸುಮ್ಮಸುಮ್ಮನೆ ಊರು ಬಂದ್ ಮಾಡಿಸಿದ ಪಾಪ ನಮಗ್ಯಾಕೆ" ಎಂದರು. ಶಿಡ್ಲಘಟ್ಟದ ಆಸ್ಪತ್ರೆ, ಕ್ಲಿನಿಕ್ಕುಗಳನ್ನೆಲ್ಲ ಸುತ್ತಿದೆ. ಕೈಕಾಲು ಸೋತ ಮಗು ಇಲ್ಲ, ವಾಂತಿಭೇದಿ ಹೆಚ್ಚಿಲ್ಲ. ನೆಗಡಿ ಕೂಡ ಕಡಿಮೆ. ನನ್ನ ವೈರಸ್ಸಿಗೆ ಒಬ್ಬ ರೋಗಿಯೂ ಇಲ್ಲ.

ಇನ್ನೊಂದು ಬಾಟಲಿ ಹಿಡಿಯೋಣವೆಂದು ಅದೇ ಮ್ಯಾನ್‌ಹೋಲಿಗೆ ಹೋದೆ. ಅದಿರುವುದು ಗೂಡಿನಿಂದ ನೂಲು ತೆಗೆಯುವವರ ಗಲ್ಲಿಯಲ್ಲಿ. ಎದುರು ಮನೆಯ ಚಾಚಾ, ಮೂರು ತಲೆಮಾರಿನ ರೀಲರ್, ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದರು.

"ಏನ್ ಬೇಟಿ, ದಿನಾ ಬರಕ್ಕೆ ಶುರು ಮಾಡ್ಬಿಟ್ಟೆ?"

"ನಿಮ್ಮ ನೀರು ಚೆನ್ನಾಗಿದೆ ಚಾಚಾ."

"ಏನ್ ಚೆನ್ನಾಗೈತೆ? ಈ ಸಲ ಗೂಡೇ ಸರಿಯಿಲ್ಲ. ಒಳಗೆ ಸತ್ತಿರೋದೇ ಜಾಸ್ತಿ, ಕಪ್ಪು ನೀರು ಬಿಡ್ತೈತೆ" ಎಂದು ಬೈಯುತ್ತ ಬಕೆಟ್ಟನ್ನು ಮೋರಿಗೆ ಸುರಿದರು. ಕಂದು ನೀರು, ಅದರಲ್ಲಿ ಕೊಳೆತ ಹುಳುಗಳು.

ಅವರು ಬೈದದ್ದು ಗೂಡನ್ನು. ನನಗೆ ಕಪಾಳಕ್ಕೆ ಬಿಗಿದಂತಾಯಿತು. ನಮ್ಮ ಪ್ರೋಗ್ರಾಮ್ ಹಗುರವಾಗಿ ಓಡಲಿ ಎಂದು ತಂಡದವರೆಲ್ಲ ಸೇರಿ ಕೀಟಗಳ ವೈರಸ್ ಪಟ್ಟಿಯನ್ನು ಮೊದಲೇ ತೆಗೆದಿಟ್ಟಿದ್ದೆವು. ಮನುಷ್ಯರ ರೋಗಕ್ಕೂ ಹುಳಕ್ಕೂ ಏನು ಸಂಬಂಧ ಎಂದು. ಹುಳುವನ್ನೇ ಕಾಣದ ಪ್ರೋಗ್ರಾಮ್, ಪಾಪ, ತನಗೆ ಗೊತ್ತಿದ್ದ ಮನುಷ್ಯರ ರೋಗಗಳಲ್ಲಿ ಹತ್ತಿರದ್ದನ್ನು ಹುಡುಕಿ ಪೋಲಿಯೊದ ಬಳಗ ಎಂದಿತ್ತು. ರೇಷ್ಮೆ ಸೀಮೆಯಲ್ಲಿ ಕೂತು ರೇಷ್ಮೆ ಹುಳುವನ್ನೇ ಬಿಟ್ಟವರು ನಾವು. ದೀಪದ ಕೆಳಗೆ ಕತ್ತಲೆ ಎಂದರೆ ಇದೇ.

ಲ್ಯಾಬಿಗೆ ಓಡಿ ಕೀಟಗಳ ಪಟ್ಟಿ ಸೇರಿಸಿ ಮತ್ತೆ ಓಡಿಸಿದೆ. ಕ್ಷಣದಲ್ಲಿ ಉತ್ತರ ಬಂತು: ರೇಷ್ಮೆ ಹುಳುವಿಗೆ ಸಪ್ಪೆ ರೋಗ ತರುವ ವೈರಸ್. ಬೆಟ್ಟ ಅಗೆದು ಇಲಿ ಹಿಡಿದೆನಲ್ಲಾ ಎಂದು ಒಬ್ಬಳೇ ನಕ್ಕೆ. ಕಣ್ಣಲ್ಲಿ ನೀರೂ ಬಂತು. ನನ್ನ ಹೊಸ ವೈರಸ್ ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ. ಸುಮ್ಮನೆ ಕುತೂಹಲಕ್ಕೆ ಹಿಂದಿನ ವಾರಗಳಲ್ಲಿ ಓದಿದ್ದನ್ನೂ ಪ್ರೋಗ್ರಾಮಿಗೆ ತಿನ್ನಿಸಿದೆ. ಅದು ಚೂರುಗಳ ಸಣ್ಣಪುಟ್ಟ ವ್ಯತ್ಯಾಸ ಜೋಡಿಸಿ ವೈರಸ್ ಬಂದ ದಾರಿ ಬರೆಯತೊಡಗಿತು. ಮೊದಲು ಚಿಂತಾಮಣಿಯ ನೀರಿನಲ್ಲಿ, ಆಮೇಲೆ ಶಿಡ್ಲಘಟ್ಟದಲ್ಲಿ. ಮುಂದಿನ ಬೆಳೆಗೆ ಶಿಡ್ಲಘಟ್ಟದ ಸುತ್ತಲ ಹಳ್ಳಿಗಳಲ್ಲಿ ಹರಡುವ ಸಂಭವ ಹೆಚ್ಚು ಎಂದಿತು. ಮನುಷ್ಯರ ಮಹಾಮಾರಿಯನ್ನು ಮುಂಗಾಣಲು ಕಟ್ಟಿದ ಯಂತ್ರ ಹುಳುಗಳ ಮಹಾಮಾರಿಯನ್ನು ಕಂಡಿತ್ತು. ನನಗೆ ಮೈಯೆಲ್ಲ ಜುಮ್ಮೆಂದಿತು. ಅದರ ಬೆನ್ನಿಗೇ ಅಕ್ಕ ನೆನಪಾದಳು. ಅವಳಿಗೆ ಹುಳುಮರಿ ಬರುವುದು ಮೊಟ್ಟೆ ಒಡೆಸಿ ಮರಿ ಸಾಕಿ ಕೊಡುವ ಚಿಂತಾಮಣಿ ರಸ್ತೆಯ ಚಾಕಿ ಕೇಂದ್ರದಿಂದ, ಮರುದಿನವೇ.

ಮೇಲೂರು ತಲುಪಿದಾಗ ಅವಳು ಹುಳು ಮನೆ ತೊಳೆದು ಮುಗಿಸಿದ್ದಳು. ನನ್ನನ್ನು ಕಂಡಿದ್ದೇ ಒಳಗಿನಿಂದ ಕೂಗಿದಳು. "ಅಲ್ಲೇ ನಿಂತ್ಕೊಳಮ್ಮ. ಮೋರಿ ತುಳಿದ ಕಾಲಲ್ಲಿ ಹೊಸಿಲು ದಾಟಬೇಡ."

ಅಂಗಳದಲ್ಲೇ ನಿಂತು ಎಲ್ಲ ಹೇಳಿದೆ. ಕಿಟಕಿಯ ಜಾಲರಿಗೆ ಮುಖವಿಟ್ಟು ಕೇಳಿದಳು.

"ನಾಳೆ ಮರಿ ಬೇಡ ಅನ್ಲಾ? ಸೊಪ್ಪು ಬಲಿತು ನಿಂತೈತೆ ಕಣೇ. ಈಗ ಬಿಟ್ರೆ ಬೆಳೆ ಹಿಂದಕ್ಕೆ ಹೋಗ್ತದೆ."

"ಹೋಗ್ಲಿ. ಪೆರೇಸಂದ್ರದ ಕಡೆಯ ಚಾಕಿಯಿಂದ ತರಿಸು. ಅಲ್ಲಿವರೆಗೆ ಮನೆ ಇನ್ನೊಂದ್ಸಲ ತೊಳಿ."

"ನಿನ್ ಮಿಷನ್ನು ಗ್ಯಾರಂಟಿ ಹೇಳ್ತದಾ?"

"ಇಲ್ಲ ಅಕ್ಕ. ಆಗಬಹುದು ಅಂತದೆ, ಅಷ್ಟೇ."

ಗ್ಯಾರಂಟಿ ಎಂದಿದ್ದರೆ ನಂಬುತ್ತಿರಲಿಲ್ಲ ಎಂದು ಅವಳು ಆಮೇಲೊಮ್ಮೆ ಹೇಳಿದಳು. ಅಂದು ಫೋನ್ ತೆಗೆದು ಚಾಕಿಯವರಿಗೆ ಬೇಡವೆಂದಳು. ಸಂಜೆ ಡೈರಿಗೆ ಹಾಲು ಹಾಕಲು ಹೋದಾಗ ಸಾಲಿನಲ್ಲಿದ್ದವರಿಗೆಲ್ಲ ಸಾರಿದಳು. ಕೆಲವರು ನಕ್ಕರಂತೆ. ಬಹಳ ಮಂದಿ ಬ್ಲೀಚಿಂಗ್ ಪೌಡರ್ ತಂದು ಹುಳು ಮನೆ ತೊಳೆದರು. ಪಕ್ಕದ ಹಳ್ಳಿಗಳಿಗೂ ಸುದ್ದಿ ಹೋಯಿತು. ಮೇಡಂಗೆ ನಾನು ಎಲ್ಲ ತಿಳಿಸಿದೆ.

ಆಮೇಲಿನ ದಿನಗಳಲ್ಲಿ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಪೆರೇಸಂದ್ರದ ಮರಿಗಳು ಬಂದವು, ಸೊಪ್ಪು ತಿಂದವು, ಮೂರನೇ ಜ್ವರ ಕಳೆದವು. ಪ್ರತಿ ಪೊರೆ ಕಳಚುವುದನ್ನೂ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾನು ದಿನಾ ಫೋನ್ ಮಾಡುತ್ತಿದ್ದೆ. ಎಲ್ಲಾದರೂ ಹುಳು ಸತ್ತು ಬಿದ್ದವಾ? ಇಲ್ಲ. ಹಿಂದಿನ ಬೀದಿಯಲ್ಲಿ? ಇಲ್ಲ. ಸರಿಯಾಗಿ ವಿಚಾರಿಸಿದೆಯಾ, ಪಕ್ಕದ ಹಳ್ಳಿಯಲ್ಲಿ ಒಂದು ಮನೆಯಲ್ಲೂ ಇಲ್ಲವಾ?

ಅಕ್ಕ ಮೆಲ್ಲಗೆ ಕೇಳಿದಳು. "ಏನೇ, ಬೀಳಲಿ ಅಂತ ಕಾಯ್ತಿದೀಯಾ?"

ಹೌದು, ಕಾಯುತ್ತಿದ್ದೆ. ಅವಳ ಮನೆಯಲ್ಲಲ್ಲ, ಬೇರೆ ಯಾರದಾದರೂ ಮನೆಯಲ್ಲಿ, ಒಂದೇ ಒಂದು ಕಡೆ. ಯಂತ್ರ ಸುಳ್ಳು ಹೇಳಲಿಲ್ಲ ಎಂದು ತೋರಿಸಲು ನನಗೆ ಅಷ್ಟು ಸಾಕಿತ್ತು. ಕೆಂಪು ಗೆರೆ ಕಂಡ ದಿನ ಕುರ್ಚಿಯಿಂದೆದ್ದು ಸಂತೋಷಪಟ್ಟಾಗ ನಾನು ಬಯಸಿದ್ದು ಮಕ್ಕಳ ಕಾಯಿಲೆಯನ್ನೇ ಅಲ್ಲವೇ ಎಂದು ಹೊಳೆಯಿತು. ಫೋನ್ ಇಟ್ಟುಬಿಟ್ಟೆ.

ಹುಳು ಹಣ್ಣಾದ ದಿನ ಎಲ್ಲ ಕೈಗಳೂ ಬೇಕು. ಕಾಲು ತೊಳೆದು, ಅವಳ ಹಳೇ ಸೀರೆ ಉಟ್ಟು ಒಳಗೆ ಹೋದೆ. ಜೇನಿನ ಬಣ್ಣಕ್ಕೆ ತಿರುಗಿದ ಹುಳುಗಳು ತಲೆಯೆತ್ತಿ ಗೂಡು ಕಟ್ಟುವ ಜಾಗ ಹುಡುಕುತ್ತಿದ್ದವು. ಅವನ್ನು ಆರಿಸಿ ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡುತ್ತಿದ್ದೆವು. ಅಕ್ಕ ಬೆಳಗಿನಿಂದ ಕೂತಿರಲಿಲ್ಲ. ಅವಳ ಮುಖ ನೋಡಿ ನನಗೆ ಹಾಡಬೇಕೆನಿಸುತ್ತಿತ್ತು.

ಆಗಲೇ ಮೇಡಂ ಫೋನು. ಕೆನ್ನೆಗೂ ಭುಜಕ್ಕೂ ನಡುವೆ ಒತ್ತಿಕೊಂಡೆ.

"ಶಿಡ್ಲಘಟ್ಟದ ಗೆರೆ ಇಳೀತಾ ಇದೆಯಲ್ಲ. ಹಳ್ಳಿಗಳಲ್ಲಿ ಏನಾಯ್ತು? ವರದಿಗೆ ಬೇಕು."

"ಏನೂ ಆಗಲಿಲ್ಲ ಮೇಡಂ."

"ಹಾಗಾದ್ರೆ ನಮ್ಮ ಅಂದಾಜು ತಪ್ಪಾಯ್ತಾ, ಇಲ್ಲ ನಿಮ್ಮ ಅಕ್ಕನವರು ತಡೆದ್ರಾ?"

"ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರೀರಿ."

ಅವರು ಮತ್ತೇನೋ ಕೇಳುತ್ತಿದ್ದರು. ನನ್ನ ಎರಡೂ ಅಂಗೈಗಳಲ್ಲಿ ಹುಳುಗಳು ತಣ್ಣಗೆ, ಭಾರವಾಗಿ ಹರಿದಾಡುತ್ತಿದ್ದವು, ಒಂದೂ ಸತ್ತಿರಲಿಲ್ಲ.

"ಫೋನ್ ಇಡೇ" ಎಂದಳು ಅಕ್ಕ. "ನಿನ್ ಕೈಯಲ್ಲೇ ಗೂಡು ಕಟ್ತಾವೆ ಈಗ."