ಮಂಗಲಾಳ ಸೀಗಡಿ ಮತ್ತು ಅರಬ್ಬಿ ಧೂಳು

ಒಣಸೀಗಡಿ ಮಾರುವ ಕೇಣಿ ಊರಿನ ಮಂಗಲಾ ಅದನ್ನು ಹೊಯ್ಗೆಯ ಮೇಲೆ ಒಣಗಿಸಿದವಳೇ ಅಲ್ಲ. ಉಳಿದವರು ದಂಡೆಯ ಮರಳಿನ ಮೇಲೆ ಹರವಿ ಮನೆಗೆ ಹೋಗಿ ಮಲಗುವಾಗ ಇವಳು ಬಿದಿರಿನ ಅಟ್ಟ ಕಟ್ಟಿ, ಹಳೆಯ ಬಲೆ ಹಾಸಿ, ಕಾಗೆ ಓಡಿಸುತ್ತ ಕೂರುವಳು. ಮಂಗಲಾಳ ಸೀಗಡಿಯನ್ನು ತೊಳೆಯದೇ ಬಾಯಿಗೆ ಹಾಕಬಹುದು ಎಂದು ಅಂಕೋಲೆ ಪೇಟೆಯಲ್ಲಿ ಹೆಸರಿತ್ತು. ಗಂಡ ತುಳಸಿದಾಸನ ದೋಣಿಗಿಂತ ಆ ಹೆಸರೇ ಮನೆಯನ್ನು ಹೆಚ್ಚು ಸಾಕಿತ್ತು. ಇದನ್ನು ತುಳಸಿದಾಸನೂ ಒಪ್ಪುತ್ತಿದ್ದ, ಹೊಟ್ಟೆ ತುಂಬಿದಾಗ.

ಹೋದ ಬೇಸಿಗೆಯಲ್ಲಿ ಕೆಲವು ದಿನ ಸಮುದ್ರದ ಮೇಲಿನ ಆಕಾಶ ಮಂಕಾಗಿ ಹಳದಿಗಟ್ಟಿತು. ಅದಾದ ಮೇಲೆ ಕನ್ನಡ ಶಾಲೆಯ ಲತಾ ಅಕ್ಕೋರು ಮಂಗಲಾಳಿಂದ ಒಯ್ದಿದ್ದ ಸೀಗಡಿಯ ಪೊಟ್ಟಣ ಹಿಡಿದು ಪೇಟೆಗೆ ಬಂದರು.

"ಮಂಗಲಾ, ಹಲ್ಲಿಗೆ ಕರಕರ ಅಂತದೆ. ನೀನೂ ಹೊಯ್ಗೆ ಮೇಲೆ ಒಣಗ್ಸುಕೆ ಶುರು ಮಾಡ್ದ್ಯಾ?"

ಪಕ್ಕದ ಬುಟ್ಟಿಯ ಗಂಗಿ ಅದನ್ನು ಕೇಳಿಸಿಕೊಂಡಳು. ಗಂಗಿ ಕೇಳಿಸಿಕೊಂಡರೆ ಪೇಟೆಯೆಲ್ಲ ಕೇಳಿಸಿಕೊಂಡ ಹಾಗೆಯೇ. ಮಂಗಲಾಳಿಗೆ ಅವಮಾನವಾಯಿತು. ಮನೆಗೆ ಹೋಗಿ ಊಟ ಬಿಟ್ಟಳು.

ಅಕ್ಕನ ಮಗಳು ನೀತಾ ಕಾರವಾರದಲ್ಲಿ ಕಾಲೇಜು ಓದುತ್ತಾಳೆ. ಸೀಗಡಿಯ ಮೇಲಿನ ಪುಡಿಯನ್ನು ಒಯ್ದು ಪರೀಕ್ಷೆ ಮಾಡಿಸಿ ಬಂದಳು.

"ಮಾವ್ಶಿ, ಇದು ನಮ್ಮ ದಂಡೆ ಹೊಯ್ಗೆ ಅಲ್ಲ. ನಮ್ದು ದಪ್ಪ, ಇದು ಹಿಟ್ಟಿನಂಗೆ ಸಣ್ಣ. ಬೆಣಚುಕಲ್ಲು, ಜೇಡಿಮಣ್ಣು, ಸುಣ್ಣದಕಲ್ಲು, ಚೂರು ಕಬ್ಬಿಣ. ಅರಬ್ಬರ ಮರುಭೂಮಿಯಿಂದ ಗಾಳಿ ಮೇಲೆ ಬಂದದ್ದು ಇರ್ಬೇಕು ಅಂದ್ರು ಸರ್."

"ಸಮುದ್ರ ದಾಟಿ?"

"ಹೌದು, ದಾಟಿ."

"ಅಷ್ಟು ದೂರ ಬಂದದ್ದಕ್ಕೆ ಕೂರೂಕೆ ನನ್ನ ಅಟ್ಟವೇ ಬೇಕಾಗಿತ್ತಾ?"

ಮರುದಿನ ಮಂಗಲಾ ಪೇಟೆಯಲ್ಲಿ ಬಂದವರಿಗೆಲ್ಲ ಇದನ್ನು ಬಿಡಿಸಿ ಹೇಳಿದಳು. ಕೆಟ್ಟದ್ದು ಅಲ್ಲೇ. ಸಂಜೆಯೊಳಗೆ ಗಂಗಿಯ ಸೀಗಡಿಯಲ್ಲೂ ಅರಬ್ಬಿ ಧೂಳು, ಕಾಮಿಯ ಒಣಬಂಗಡೆಯಲ್ಲೂ ಅರಬ್ಬಿ ಧೂಳು. ಹಾರವಾಡದ ಹೆಂಗಸರಂತೂ ತಮ್ಮ ಮೀನಿನಲ್ಲಿ ಅಜ್ಜಿಯ ಕಾಲದಿಂದಲೂ ಅದೇ ಇತ್ತು ಎಂದರು. ಹೊಯ್ಗೆಯ ಮೇಲೆ ಒಣಗಿಸಿದವರು ಪೇಟೆಯಲ್ಲಿ ಯಾರೂ ಉಳಿಯಲಿಲ್ಲ.

ಲತಾ ಅಕ್ಕೋರು ಮತ್ತೆ ಬಂದರು. ಎರಡೂ ಬುಟ್ಟಿಗಳನ್ನು ನೋಡಿದರು.

"ಎಲ್ಲಾರದ್ದೂ ಅದೇ ಧೂಳಂತಲ್ಲ ಮಂಗಲಾ. ಹಂಗಾದ್ರೆ ಗಂಗಿದೇ ತಕಂತೆ, ಸಸ್ತಾ ಸಿಗ್ತದೆ."

ಗಂಗಿ ಒಂದು ಹಿಡಿ ಹೆಚ್ಚಿಗೆ ಹಾಕಿ ಕಟ್ಟಿಕೊಟ್ಟಳು. ಮಂಗಲಾ ಆ ದಿನ ಬುಟ್ಟಿಯನ್ನು ತಂದ ಹಾಗೆಯೇ ಹೊತ್ತು ನಡೆದಳು. ದಾರಿಯಲ್ಲಿ ನೀತಾಳ ಫೋನು ಬಂತು. ದನಿಯಲ್ಲಿ ಸಂಭ್ರಮವಿತ್ತು.

"ಮಾವ್ಶಿ, ನಮ್ಮ ಸರ್‌ಗೆ ಆ ಅರಬ್ಬಿ ಧೂಳು ಇನ್ನೂ ಸ್ವಲ್ಪ ಬೇಕಂತೆ. ಸಿಗ್ತದಾ?"

ಮಂಗಲಾ ತುಂಬಿದ ಬುಟ್ಟಿಯನ್ನು ಕೆಳಗಿಳಿಸಿದಳು.

"ಗಂಗಿ ಹತ್ರ ಕೇಳು," ಎಂದಳು. "ಅವಳ ಹತ್ರ ಬುಟ್ಟಿ ತುಂಬಾ ಅದೆ."