ಮಾತಿನ ಮೇಲೆ ಹುಡುಗರನ್ನು ಕಳಿಸುತ್ತಿದ್ದವರು

ಅವರ ಬಲಗೈಯ ಯಾವ ಬೆರಳೂ ನೆಟ್ಟಗಿರಲಿಲ್ಲ. ಕಿರುಬೆರಳು ಹೊರಕ್ಕೆ ತಿರುಗಿತ್ತು, ಉಂಗುರದ ಬೆರಳಿನ ನಡುಗೆಣ್ಣು ಗಂಟು ಕಟ್ಟಿತ್ತು, ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಮೊಟ್ಟೆಯಾಕಾರದ ಚೆಂಡನ್ನು ವರ್ಷಗಟ್ಟಲೆ ಗಾಳಿಯಲ್ಲಿ ಹಿಡಿದು ಹಿಡಿದು ಹಾಗಾಗಿತ್ತು. ಆ ಬೆರಳುಗಳಲ್ಲೇ ಅವರು ಹುಡುಗರ ಬೂಟಿನ ಲೇಸು ಬಿಗಿದು, ಪಾದ ಎಷ್ಟು ತಿರುಗಬೇಕೆಂದು ಹಿಡಿದು ತೋರಿಸುತ್ತಿದ್ದರು.

ನಾನು ಅವರನ್ನು ಮೊದಲು ಕಂಡಿದ್ದು ಮೆಲ್ಬರ್ನ್‌ನ ಪಶ್ಚಿಮದಲ್ಲಿ ನಾವಿದ್ದ ಸಬರ್ಬ್‌ನ ಮೈದಾನದಲ್ಲಿ. ಹದಿನಾರರ ನನ್ನ ಮಗ ಫುಟಿ ಎಂಬ ಇಲ್ಲಿನ ಫುಟ್‌ಬಾಲಿನ ಚೆಂಡು ಸಿಕ್ಕರೆ ಮನೆ ಮರೆಯುತ್ತಿದ್ದ. ಪರೀಕ್ಷೆ ಹತ್ತಿರ ಬಂದಿತ್ತು. ಬೇಲಿಯ ಈಚೆ ನಿಂತು ನಾನು ಧಾರವಾಡದ ಮಾತಿನಲ್ಲಿ ಕೂಗುತ್ತಿದ್ದೆ: "ಸಾಕಿನ್ನ, ಬರ್ತೀಯೋ ಇಲ್ಲೋ?"

ಹಿಂದಿನಿಂದ ಯಾರೋ ಕನ್ನಡದಲ್ಲೇ ಹೇಳಿದರು: "ಬೈಬೇಡಮ್ಮ. ಒಳ್ಳೆ ಕಾಲು ಇದೆ ಅವನಿಗೆ."

ತಿರುಗಿದರೆ ಬಿಳಿ ಕೂದಲಿನ, ಕೆಂಪು ಮುಖದ ಮುದುಕರು. ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆತನದವರು; ಮೀಸೆ ಮೂಡುವ ವಯಸ್ಸಿನಲ್ಲಿ ತಂದೆತಾಯಿಯ ಜೊತೆ ಹಡಗಿನಲ್ಲಿ ಬಂದವರು. ತಮಿಳು, ಇಂಗ್ಲಿಷ್ ಕಲೆತ ಅವರ ಕನ್ನಡದಲ್ಲಿ 'ನೀವು' ಎಂಬ ಪದವೇ ಇರಲಿಲ್ಲ. ನನಗೂ ನೀನು, ನನ್ನ ಗಂಡನಿಗೂ ನೀನು. "ನನಗ ನೀನು ಅಂತಾನಲ್ಲ ಆ ಮುದುಕ!" ಎಂದು ಹುಬ್ಬಳ್ಳಿಯ ನನ್ನ ಗಂಡ ಮೊದಮೊದಲು ಸಿಡುಕಿದ್ದರು. ಆಮೇಲೆ ಆ ನೀನು ಕೇಳದಿದ್ದರೆ ಅವರಿಗೇ ಸರಿಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಕೋಚ್.

ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಿಂದ ಕೆಳಗೆ ಬಿಟ್ಟು, ನೆಲ ಮುಟ್ಟುವ ಮೊದಲೇ ದೂರಕ್ಕೆ ಒದೆಯುವ ಒಬ್ಬ ಆಟಗಾರ ಇರುತ್ತಾನೆ. ಅಂಥ ಒದೆತ ಇಲ್ಲಿನ ಮಕ್ಕಳಿಗೆ ಫುಟಿಯಿಂದಲೇ ಬಂದಿರುತ್ತದೆ. ಅಲ್ಲಿನ ಕಾಲೇಜುಗಳು ಇಂಥ ಹುಡುಗರನ್ನು ಹುಡುಕಿ, ಓದಿನ ಖರ್ಚೆಲ್ಲ ಕೊಟ್ಟು ಕರೆಸಿಕೊಳ್ಳುತ್ತಿದ್ದವು. ಕೋಚ್ ಹುಡುಗರನ್ನು ತಯಾರು ಮಾಡಿ, ಫೋನ್ ಎತ್ತಿ, "ಒಬ್ಬ ಇದ್ದಾನೆ" ಅಂದರೆ ಸಾಕಾಗಿತ್ತು. ಅವರ ಮಾತಿನ ಮೇಲೆ ಸೀಟು ಸಿಗುತ್ತಿತ್ತು. ನಾಲ್ಕು ವರ್ಷ ಅಲ್ಲೇ ಇರುತ್ತಾನೆ, ಕ್ಲಾಸಿಗೆ ಹೋಗುತ್ತಾನೆ, ಡಿಗ್ರಿ ಮುಗಿಸುತ್ತಾನೆ ಎಂದು ಅವರು ಕಾಲೇಜಿಗೆ ಮಾತು ಕೊಡುತ್ತಿದ್ದರು. ಅಷ್ಟೂ ವರ್ಷ ಅವನನ್ನು ಕೈಬಿಡುವುದಿಲ್ಲ ಎಂದು ಕಾಲೇಜಿನಿಂದ ಮಾತು ಪಡೆಯುತ್ತಿದ್ದರು.

ಹುಡುಗನನ್ನು ಕಳಿಸುವ ಮೊದಲು ಅವನ ಮನೆಗೆ ಬಂದು ಊಟ ಮಾಡುವುದು ಅವರ ಪದ್ಧತಿ. ಮಗನನ್ನು ಎರಡು ವರ್ಷ ಪಳಗಿಸಿದ ಮೇಲೆ ನಮ್ಮಲ್ಲಿಗೂ ಬಂದರು. ಜೋಳದ ರೊಟ್ಟಿ ಮುರಿಯುತ್ತ, ಬದನೆಕಾಯಿ ಪಲ್ಯದ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ, ಆಟದ ಮಾತೇ ಎತ್ತದೆ ಮಗನನ್ನು ಕೇಳಿದರು: "ಏನ್ ಓದ್ತೀಯ?"

"ಸಿವಿಲ್ ಎಂಜಿನಿಯರಿಂಗ್, ಕೋಚ್."

"ಪ್ರಾಮಿಸ್?"

"ಪ್ರಾಮಿಸ್."

ಆಮೇಲೆ ನನ್ನ ಕಡೆ ತಿರುಗಿ ತಮ್ಮ ಮೊಣಕಾಲು ತಟ್ಟಿ ತೋರಿಸಿದರು. "ಕಾಲು ಯಾವಾಗ ಬೇಕಾದ್ರೂ ಹೋಗುತ್ತಮ್ಮ. ನಂದು ಒಂದು ಮಧ್ಯಾಹ್ನ ಹೋಯ್ತು. ಬೇರೆ ಏನೂ ಓದಿರ್ಲಿಲ್ಲ ನಾನು. ಮೂವತ್ತು ವರ್ಷ ಟ್ರಾಮ್ ಓಡಿಸಿದೆ."

ಮಗ ಹೋಗಿದ್ದು ಅಮೆರಿಕದ ಒಂದು ಚಿಕ್ಕ ಊರಿನ ಚಿಕ್ಕ ಕಾಲೇಜಿಗೆ. ಸುತ್ತ ಮೆಕ್ಕೆಜೋಳದ ಹೊಲ. ಮೊದಲ ವರ್ಷ ಚೆನ್ನಾಗಿ ಆಡಿದ, ಚೆನ್ನಾಗಿ ಓದಿದ. ಅಷ್ಟರಲ್ಲಿ ನನ್ನ ಗಂಡನಿಗೆ ಸಿಡ್ನಿಯ ಪ್ಯಾರಮಟ್ಟಾದಲ್ಲಿ ಕೆಲಸವಾಗಿ ನಾವು ಬಂದು ಅದೇ ಊರಿನ ದಿ ಪಾಂಡ್ಸ್‌ನಲ್ಲಿ ಮನೆ ತೆಗೆದುಕೊಂಡಿದ್ದೆವು.

ಅಮೆರಿಕದ ಕಾಲೇಜು ಆಟದ ನಿಯಮಗಳೂ ಆಗಲೇ ಬದಲಾಗಿದ್ದವು. ಕಾಲೇಜು ಆಟಗಾರರು ಜಾಹೀರಾತಿನಿಂದ ಗಳಿಸಬಹುದಿತ್ತು; ಆಮೇಲೆ ಕಾಲೇಜುಗಳೇ ನೇರವಾಗಿ ಹಣ ಕೊಡತೊಡಗಿದವು. ಹುಡುಗರು ವರ್ಷಕ್ಕೊಂದು ಕಾಲೇಜು ಬದಲಿಸಬಹುದಾಯಿತು, ನಡುವೆ ಏಜೆಂಟರು ಬಂದರು. ಆ ಏಜೆಂಟರಲ್ಲಿ ಒಬ್ಬ ಕೋಚ್ ಅವರ ಹಳೆಯ ಶಿಷ್ಯನೇ. ಅವರೇ ಕಳಿಸಿ, ಅಲ್ಲಿ ಓದಿ ಮುಗಿಸಿ ಬಂದವನು. ತನ್ನ ಜೊತೆ ಸೇರಿ, ಕಳಿಸಿದ ಒಬ್ಬೊಬ್ಬ ಹುಡುಗನ ಮೇಲೂ ನಿಮಗೆ ಪಾಲು ಕೊಡುತ್ತೇನೆ ಎಂದು ಅವರನ್ನು ಕರೆದಿದ್ದನಂತೆ. "ನಾನು ಹುಡುಗರನ್ನ ಕಳಿಸ್ತೀನಿ, ಮಾರಲ್ಲ" ಎಂದು ಅವರು ಬಾಗಿಲು ಹಾಕಿಕೊಂಡಿದ್ದರು. ಹುಡುಗರು ಏಜೆಂಟರ ಕಡೆ ಹೋಗಿ ಒಂದೇ ಚಳಿಗಾಲದಲ್ಲಿ ಅವರ ಮೈದಾನ ಅರ್ಧ ಖಾಲಿಯಾಯಿತು.

ಮಗ ರಜೆಗೆ ಬಂದಾಗ ಆ ಏಜೆಂಟ್ ಸಿಡ್ನಿಗೇ ಬಂದ. ಹ್ಯಾರಿಸ್ ಪಾರ್ಕಿನ ಒಂದು ಹೋಟೆಲಿನಲ್ಲಿ ಕೂತು ಮಾತಾಡಿದೆವು. ದೊಡ್ಡ ಯೂನಿವರ್ಸಿಟಿ, ಟೀವಿಯಲ್ಲಿ ಬರುವ ತಂಡ, ಕೈತುಂಬ ಹಣ. ಇಲ್ಲಿ ಕಾಯಂ ಆಗಿ ನೆಲೆಸಲು ಪಿಆರ್ ಸಿಗುವವರೆಗೆ ವರ್ಷಗಟ್ಟಲೆ ವೀಸಾ ಭಯದಲ್ಲಿ ಬದುಕಿದ ನಾನು ಕೇಳಿದೆ, "ಸ್ಟೂಡೆಂಟ್ ವೀಸಾದ ಮೇಲೆ ಹಣ ತಗೋಬಹುದಾ?" ಅದಕ್ಕೆ ದಾರಿ ಇದೆ ಎಂದು ಅವನು ನಕ್ಕ.

ಮನೆಗೆ ಬಂದು ಕೋಚ್‌ಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟೆ.

"ಬೇಡ ಮಗ," ಅಂದರು. "ನಿನ್ನ ಕೊಂಡ್ಕೊಳ್ಳೋನು ನಾಳೆ ಇನ್ನೊಬ್ಬನ್ನ ಕೊಂಡ್ಕೊಳ್ತಾನೆ."

ನನ್ನ ಗಂಡ ಫೋನಿಗೆ ಬಾಗಿದರು. "ಕೋಚ್, ಹುಡುಗನ ಕಾಲಿನಾಗ ಶಕ್ತಿ ಇರೋತನಕ ನಾಕು ಕಾಸು ಮಾಡ್ಕೊಳ್ಲಿ ಬಿಡ್ರಿ. ನಮ್ಮ ಮಾರ್ಟ್‌ಗೇಜಿಗೂ ಆಸರಾಗತದ."

"ಡಿಗ್ರಿ ಆಗ್ಲಿ. ಆಮೇಲೆ ಎಲ್ಲಿ ಬೇಕಾದ್ರೂ ಹೋಗ್ಲಿ."

ನಾನೂ ಬೇಡವೆಂದು ಅತ್ತು, ಜಗಳವಾಡಿದೆ. ಮಗನಿಗೆ ಹತ್ತೊಂಬತ್ತು. "ಎವ್ರಿಒನ್ ಈಸ್ ಡೂಯಿಂಗ್ ಇಟ್, ಅಮ್ಮ" ಎಂದು ಹೊರಟುಹೋದ.

ಆ ದೊಡ್ಡ ಕಡೆ ಅವನು ಆಡಿದ್ದು ಒಂದೇ ಸೀಸನ್. ವೀಸಾದ ತೊಡಕಿನಿಂದ ಹೇಳಿದ ಹಣದಲ್ಲಿ ಸ್ವಲ್ಪವೇ ಕೈಗೆ ಬಂತು. ಮರುವರ್ಷ ತರಬೇತುದಾರ ಬದಲಾದ. ಹೊಸಬ ಬರುವಾಗ ತನ್ನ ಹಳೆಯ ಕಾಲೇಜಿನಿಂದ ಪಳಗಿದ ಆಟಗಾರನೊಬ್ಬನನ್ನು ಕರೆತಂದ. ನನ್ನ ಮಗನಿಗೆ ತಂಡದಲ್ಲಿ ಜಾಗ ಹೋಯಿತು, ವರ್ಷವರ್ಷವೂ ಹೊಸದಾಗಬೇಕಿದ್ದ ಸ್ಕಾಲರ್‌ಶಿಪ್ಪೂ ನಿಂತಿತು. ಸ್ವಂತ ಹಣದಲ್ಲಿ ಅಲ್ಲಿ ಓದಿಸುವುದು ನಮ್ಮ ಕೈಲಿರಲಿಲ್ಲ. ಏಜೆಂಟ್ ಎರಡು ಸಲ ಫೋನ್ ಎತ್ತಿದ, ಮೂರನೆಯ ಸಲ ಎತ್ತಲಿಲ್ಲ.

ಮನೆಗೆ ಬಂದ ಮಗ ಮೇಲಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ತಟ್ಟೆಯನ್ನು ಬಾಗಿಲ ಬಳಿ ಇಟ್ಟುಬರುತ್ತಿದ್ದೆ. ಎಷ್ಟೋ ಸಲ ಹಾಗೇ ವಾಪಸ್ ತರುತ್ತಿದ್ದೆ. ಒಂದು ದಿನ ಅವನ ಆಟದ ಬೂಟುಗಳು ಕಸದ ಡಬ್ಬಿಯಲ್ಲಿ ಕಂಡವು. ಅವತ್ತು ನನಗೆ ನಿಜವಾಗಿ ಭಯವಾಯಿತು. ಕೋಚ್‌ಗೆ ಫೋನ್ ಮಾಡಿ ಅತ್ತೆ.

ಅವರಿಗೆ ಶ್ವಾಸಕೋಶದ ಕಾಯಿಲೆ; ವಿಮಾನ ಹತ್ತಬಾರದೆಂದು ಡಾಕ್ಟರ್ ಹೇಳಿದ್ದರು. ಬೆಳಗಿನಿಂದ ಸಂಜೆಯವರೆಗೆ ರೈಲಿನಲ್ಲಿ ಕೂತು ಮೆಲ್ಬರ್ನ್‌ನಿಂದ ಬಂದರು. ಪ್ಯಾರಮಟ್ಟಾ ಸ್ಟೇಷನ್ನಿಗೆ ಕರೆತರಲು ಹೋದೆ. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರೆಳೆದುಕೊಂಡು ಹತ್ತಿದರು.

ಮಗನ ಬಾಗಿಲನ್ನು ಅವರು ತಟ್ಟಲಿಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕೂತು ಅಮೆರಿಕಕ್ಕೆ ಫೋನ್ ಹಚ್ಚಿದರು. ಇಲ್ಲಿ ಬೆಳಿಗ್ಗೆಯೆಂದರೆ ಅಲ್ಲಿ ಮಧ್ಯಾಹ್ನ, ಆಫೀಸು ತೆರೆದಿರುವ ಹೊತ್ತು. ಅವರಿಗೆ ಗೊತ್ತಿದ್ದ ತರಬೇತುದಾರರು ಯಾರೂ ಈಗ ಆ ಜಾಗಗಳಲ್ಲಿರಲಿಲ್ಲ. ಫೋನ್ ಎತ್ತಿದವರಿಗೆ ಅವರು ತಮ್ಮ ಹೆಸರು ಹೇಳುತ್ತಿದ್ದರು. ಆ ಕಡೆಯವರಿಗೆ ಅದು ತಿಳಿಯದಿದ್ದಾಗ, ಒಂದೊಂದೇ ಅಕ್ಷರ ಬಿಡಿಸಿ ಮತ್ತೆ ಹೇಳುತ್ತಿದ್ದರು. "ಒಳ್ಳೆ ಹುಡುಗ ಸರ್, ಆಡಿಸದಿದ್ದರೂ ಸರಿ, ಓದು ಮುಗಿಸಲು ಬಿಡಿ" ಎಂದು ಇಂಗ್ಲಿಷಿನಲ್ಲಿ ಕೇಳಿಕೊಳ್ಳುತ್ತಿದ್ದರು. ನಡುವೆ ಕೆಮ್ಮು. ಆ ಕಡೆಯಿಂದ ಕಾಯಿರಿ ಎನ್ನುತ್ತಿದ್ದರು, ಇವರು ಫೋನನ್ನು ಕಿವಿಗೆ ಒತ್ತಿಕೊಂಡು ಕಾಯುತ್ತಿದ್ದರು. ನಮ್ಮದು ತೆಳು ಗೋಡೆಯ ಹೊಸ ಮನೆ. ಮೇಲಿನ ಕೋಣೆಗೆ ಎಲ್ಲವೂ ಕೇಳಿಸುತ್ತಿತ್ತು.

ಮೂರನೆಯ ದಿನ ಮಗ ಕೆಳಗಿಳಿದು ಬಂದ. ಗಡ್ಡ ಬೆಳೆದಿತ್ತು. "ಸ್ಟಾಪ್ ಇಟ್, ಕೋಚ್. ಪ್ಲೀಸ್. ದೇ ಡೋಂಟ್ ಈವನ್ ನೋ ಯು."

ಕೋಚ್ ಫೋನ್ ಕೆಳಗಿಟ್ಟು ಅವನನ್ನು ನೋಡಿದರು. "ತಿಂಡಿ ತಿಂದ್ಯಾ?"

ಮಗ ಇಲ್ಲವೆಂದು ತಲೆಯಾಡಿಸಿದ. ಕೋಚ್ ಕುರ್ಚಿ ಎಳೆದು ಕೊಟ್ಟರು. ನಾನು ಉಪ್ಪಿಟ್ಟು ಬಡಿಸಿದೆ. 'ನಾನು ಆಗಲೇ ಹೇಳಿದ್ದೆನಲ್ಲ' ಎಂಬ ಒಂದು ಮಾತೂ ಕೋಚ್ ಅವರ ಬಾಯಿಂದ ಬರಲಿಲ್ಲ. ಅವನು ತಿಂದು ಮುಗಿಸಿದ ಮೇಲೆ ಹೇಳಿದರು: "ಇಲ್ಲೇ ಸೇರ್ಕೋ. ಮತ್ತೆ ಮೊದಲ್ನೇ ವರ್ಷದಿಂದ. ನಾಚಿಕೆ ಆಗುತ್ತೆ, ಆಗ್ಲಿ. ಹೋಗ್ತಾ ಹೋಗ್ತಾ ಕಮ್ಮಿ ಆಗುತ್ತೆ."

ಮಗ ಇಲ್ಲಿನ ಯೂನಿವರ್ಸಿಟಿ ಸೇರಿದ. ಚೆಂಡನ್ನು ಮತ್ತೆ ಮುಟ್ಟಿಲ್ಲ. ಮೊದಲ ಪರೀಕ್ಷೆಗಳು ಬರುವ ಮೊದಲೇ ಕೋಚ್ ತೀರಿಕೊಂಡರೆಂದು ಮೆಲ್ಬರ್ನ್‌ನಿಂದ ಸುದ್ದಿ ಬಂತು.

ಚರ್ಚಿನಲ್ಲಿ ಅವರ ಹಳೆಯ ಹುಡುಗರು ಕಪ್ಪು ಸೂಟಿನಲ್ಲಿ ಒಂದು ಕಡೆ ನಿಂತಿದ್ದರು. ಮೇಷ್ಟ್ರು, ಡಾಕ್ಟರ್, ಎಂಜಿನಿಯರ್; ಎಲ್ಲರೂ ನಾಲ್ಕು ವರ್ಷ ಮುಗಿಸಿ ಬಂದವರು. ಏಜೆಂಟ್ ಹೂ ಕಳಿಸಿದ್ದ, ಬಂದಿರಲಿಲ್ಲ. ಕೋಚ್ ಅವರ ಹೆಂಡತಿಯೂ ಗಣಿಯ ಊರಿನವರೇ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ಒಂದು ಸಂಗತಿ ಹೇಳಿದರು. ಮಗ ಆ ಚಿಕ್ಕ ಕಾಲೇಜು ಬಿಟ್ಟ ಮೇಲೆ, ಕೊಟ್ಟ ಮಾತು ಮುರಿಯಿತೆಂದು ಅಲ್ಲಿನವರು ಕೋಚ್ ಅವರ ಹುಡುಗರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರಂತೆ. ಹೊರಡಲು ತಯಾರಾಗಿದ್ದ ಇಬ್ಬರು ಸೀಟಿಲ್ಲದೆ ಇಲ್ಲೇ ಉಳಿದುಬಿಟ್ಟರಂತೆ. ಅವರ ಮನೆಗಳಿಗೆ ಹೋಗಿ ಕೋಚ್, ನನ್ನ ಮಗನ ಹೆಸರೆತ್ತದೆ, 'ತಪ್ಪು ನನ್ನದು, ಕಾಲೇಜಿಗೆ ತಡವಾಗಿ ಫೋನ್ ಮಾಡಿದೆ' ಎಂದಿದ್ದರಂತೆ. ನಮ್ಮ ಅಡುಗೆಮನೆಯಲ್ಲಿ ಕೂತ ಅಷ್ಟೂ ಹೊತ್ತು ಇದರ ಒಂದು ಸುಳಿವನ್ನೂ ಅವರು ಕೊಟ್ಟಿರಲಿಲ್ಲ.

ಶವಪೆಟ್ಟಿಗೆ ಎತ್ತುವ ಹೊತ್ತಾಯಿತು. ಹಳೆಯ ಹುಡುಗರು ಮುಂದೆ ಬಂದರು. ನನ್ನ ಮಗ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ಕೋಚ್ ಅವರ ಹೆಂಡತಿ ಎದ್ದು ಹೋಗಿ ಅವನ ಕೈ ಹಿಡಿದರು.

"ಐ ಡಿಡಂಟ್ ಫಿನಿಶ್, ಆಂಟಿ," ಎಂದ ಮಗ. "ನಾಟ್ ಮಿ."

"ಯಾರು ಎತ್ತಬೇಕು ಅಂತ ಅವರೇ ಹೇಳಿ ಹೋಗಿದ್ದಾರೆ," ಅಂದರು ಅವರು. "ನಿನ್ನ ಹೆಸರೇ ಮೊದಲು ಹೇಳಿದ್ದು."

ಒಬ್ಬ ಹಳೆಯ ಹುಡುಗ ಸರಿದು ಜಾಗ ಕೊಟ್ಟ. ಮಗ ಬಾಗಿ, ಮುಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದ.