ಉಪವಾಸದ ಹುಲಿ, ಉಣ್ಣುವ ಹುಲಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಈಗ ಒಂದು ಸ್ಟೀಲ್ ಡಬ್ಬಿ ಕೂತಿದೆ. ನಾಲ್ಕು ಕಡಕ್ ರೊಟ್ಟಿ ಮುರಿದಿಟ್ಟು, ಬದಿಗೆ ಎರಡು ಚಮಚ ಬೆಳ್ಳುಳ್ಳಿ ಇಲ್ಲದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿದರೆ ತುಂಬಿತು, ಅಷ್ಟೇ ಅದರ ಹೊಟ್ಟೆ. ಮುಚ್ಚಳದ ಮೇಲೆ ನಮ್ಮ ದೊಡವ್ವನ ಹೆಸರು ಕೊರೆದಿದೆ. ಆ ಹೆಸರಿನ ಕೊನೆಯ ಅಕ್ಷರದ ನೇರಕ್ಕೆ, ಅಂಚಿನಲ್ಲಿ, ಹೆಬ್ಬೆರಳು ಕೂಡುವಷ್ಟು ಒಂದು ನೆಗ್ಗು. ಅದು ಬಿದ್ದಂದಿನಿಂದ ಮುಚ್ಚಳ ಗಟ್ಟಿಯಾಗಿ ಕೂಡುವುದಿಲ್ಲ. ಏನನ್ನೋ ಹೇಳಲು ಬಾಯಿ ತೆರೆದು ಮರೆತವರ ಹಾಗೆ ತುಸು ಓರೆಯಾಗಿ ಇರುತ್ತದೆ. ಮೊದಲು ಅದನ್ನು ತೆರೆಯಬೇಕಾದರೆ ಉಗುರು ಮುರಿಯಬೇಕಿತ್ತು. ಈ ನೆಗ್ಗು ಬಿದ್ದದ್ದನ್ನು ನಮ್ಮವರಲ್ಲಿ ಕಣ್ಣಾರೆ ಕಂಡವನು ನಾನೊಬ್ಬನೇ. ಅದನ್ನು ಹೇಳಬೇಕಾದರೆ ನಿಮ್ಮನ್ನು ಎರಡು ಝೂಗಳಿಗೆ ಕರೆದುಕೊಂಡು ಹೋಗಬೇಕು. ಟಿಕೆಟಿನ ಚಿಂತೆ ಬೇಡ.

ನಾನು ಇಚಲಕರಂಜಿಯವನು. ಕಬನೂರಿನ ಒಂದು ಮಗ್ಗದ ಶೆಡ್ಡಿನಲ್ಲಿ ಬಟ್ಟೆ ತಪಾಸಣೆ ನನ್ನ ಕೆಲಸ. ಮಗ್ಗದಿಂದ ಇಳಿದ ಬಟ್ಟೆಯನ್ನು ಮೇಜಿನ ಮೇಲೆ ಎಳೆಯುತ್ತ, ಎಳೆ ತಪ್ಪಿದಲ್ಲಿ, ಎಣ್ಣೆಯ ಕಲೆ ಇದ್ದಲ್ಲಿ ಅಂಚಿಗೆ ಒಂದು ಕೆಂಪು ದಾರ ಕಟ್ಟುತ್ತೇನೆ. ಇಷ್ಟು ವರ್ಷ ಇದನ್ನೇ ಮಾಡಿದವನಿಗೆ ಮದುವೆಗೆ ಹೋದರೂ ಮದುಮಗನ ಮುಖಕ್ಕಿಂತ ಮೊದಲು ಅವನ ಶೇರವಾನಿಯ ತಪ್ಪು ಎಳೆ ಕಾಣಿಸುತ್ತದೆ. ಇದು ಗುಣವೋ ರೋಗವೋ ನೀವೇ ತೀರ್ಮಾನಿಸಿ.

ದೊಡವ್ವ ಎಂದರೆ ನನ್ನ ತಾಯಿಯ ಅಕ್ಕ ಚಂದ್ರವ್ವ, ದಾನೋಳಿಯವಳು, ಎಪ್ಪತ್ತೈದು ದಾಟಿದವಳು. ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ, ಎಲ್ಲ ಆಕೆಯ ಮಾತು ಕೇಳುತ್ತವೆ; ಆಕೆ ಯಾರ ಮಾತನ್ನೂ ಕೇಳುವುದಿಲ್ಲ. ನಮ್ಮ ಜೈನರ ಮನೆಗಳಲ್ಲಿ ಅಷ್ಟಮಿ, ಚತುರ್ದಶಿಗೆ ಉಪವಾಸ ಮಾಡುವವರು ಬಹಳ. ಭಾದ್ರಪದದ ದಶಲಕ್ಷಣ ಪರ್ವದ ಹತ್ತೂ ದಿನ ಬರೀ ಕಾಯಿಸಿದ ನೀರಿನ ಮೇಲೆ ಇರುವವರು ಕಡಿಮೆ. ದೊಡವ್ವ ನಡುವಯಸ್ಸಿನಲ್ಲಿ ಒಂದು ಸಲ ಅದನ್ನು ಮಾಡಿದ್ದಳು. ಸಾಯುವುದರೊಳಗೆ ಇನ್ನೊಮ್ಮೆ ಮಾಡಬೇಕೆಂಬುದು ಆಕೆಯ ಹಟ. ಕೊಲ್ಹಾಪುರದ ಡಾಕ್ಟರರು ಮಾತ್ರ, ಗುಳಿಗೆ ಊಟದ ಮೇಲೆಯೇ, ಉಪವಾಸ ಪೂರ್ತಿ ಬಂದ್, ಹತ್ತು ದಿನ ಮಾಡಿದರೆ ಹನ್ನೊಂದನೆಯ ದಿನಕ್ಕೆ ನಾನು ಜವಾಬ್ದಾರನಲ್ಲ ಎಂದು ಬರೆದುಕೊಟ್ಟಿದ್ದರು. ಗಡಹಿಂಗ್ಲಜದಲ್ಲಿರುವ ಮಗಳು ಪದ್ಮಕ್ಕ ಆ ಚೀಟಿಯ ಫೋಟೋ ತೆಗೆದು ನಮಗೆಲ್ಲ ಕಳಿಸಿ, ನಮ್ಮನ್ನು ಕಾವಲಿಗೆ ನಿಲ್ಲಿಸಿದಳು. ಆ ಕಾವಲುಗಾರರಲ್ಲಿ ಮೊದಲು ನಿದ್ದೆಹೋದವನು ನಾನು.

ಕಳೆದ ಬೇಸಿಗೆಯಲ್ಲಿ ಉತ್ತರದ ದೊಡ್ಡ ಶಹರದಲ್ಲಿ ನಮ್ಮವರದೊಂದು ಮದುವೆ. ಹಾತಕಣಂಗಲೆಯಲ್ಲಿ ನಾನೂ ದೊಡವ್ವನೂ ರೈಲು ಹತ್ತುವಾಗ, ಬೀಳ್ಕೊಡಲು ಬಂದ ಪದ್ಮಕ್ಕ ಈ ಡಬ್ಬಿಯನ್ನು ನನ್ನ ಕೈಗಿಟ್ಟು, “ಪಾರಿಸಾ, ನಾಡಿದ್ದ ಚತುರ್ದಶಿ ಐತಿ. ಇದು ಖಾಲಿ ಆಗಿ ಬರಬೇಕ ನೋಡ,” ಎಂದಳು. ಮದುವೆಯ ಮರುದಿನವೇ ಚತುರ್ದಶಿ. ಆಕೆಯನ್ನು ಝೂಗೆ ಕರೆದೊಯ್ದರೆ ನಡೆದು ನಡೆದು ಹಸಿವಾಗುತ್ತದೆ, ಹಸಿವಾದರೆ ಡಬ್ಬಿ ತೆರೆಯುತ್ತಾಳೆ ಎಂದು ನಾನು ಹೂಟ ಹೂಡಿದೆ. ಉಪವಾಸ ಮಾಡಿ ಗೊತ್ತಿಲ್ಲದವನು ಮಾತ್ರ ಹೂಡುವ ಹೂಟ ಅದು.

ಎರಡೂ ಝೂಗಳ ಹೆಸರು ನಾನು ಬರೆಯುವುದಿಲ್ಲ. ಹುಲಿಗಳ ಮನೆವಾರ್ತೆಯಲ್ಲಿ ಊರ ಹೆಸರೇಕೆ? ಮೊದಲನೆಯದು ವಿಶಾಲ, ಚೊಕ್ಕಟ. ಪ್ರಾಣಿಗಳಿಗೂ ನಮಗೂ ನಡುವೆ ಆಳವಾದ ಕಂದಕ, ಕಂದಕದಾಚೆ ಹುಲ್ಲು, ಬಂಡೆ, ನೀರು. ಪ್ರತಿಯೊಂದರ ಮುಂದೆಯೂ ಅದು ಏಷ್ಯಾದ ಯಾವ ಮೂಲೆಯದು, ಏನು ತಿನ್ನುತ್ತದೆ, ಎಷ್ಟು ತೂಗುತ್ತದೆ ಎಂಬ ಬೋರ್ಡು. ದೊಡವ್ವ ಒಂದನ್ನೂ ಓದಲಿಲ್ಲ. ಆಕೆಯ ಬಳಿ ಬೇರೆಯೇ ಯಾದಿ ಇತ್ತು. ನಮ್ಮ ಇಪ್ಪತ್ತನಾಲ್ಕು ತೀರ್ಥಂಕರರಿಗೆ ಒಬ್ಬೊಬ್ಬರಿಗೆ ಒಂದೊಂದು ಲಾಂಛನ, ಹೆಚ್ಚಿನವು ಪ್ರಾಣಿಗಳೇ. ಆನೆ ಕಂಡಾಗ “ಅಜಿತನಾಥ” ಎಂದು ಕೈ ಮುಗಿದಳು. ಮೊಸಳೆಯ ಕೊಳದಲ್ಲಿ “ಪುಷ್ಪದಂತ”, ಜಿಂಕೆಗೆ “ಶಾಂತಿನಾಥ”, ಆಮೆಗೆ “ಮುನಿಸುವ್ರತ”. ಒಂದು ಮಂಗ ಆಕೆಯ ಕನ್ನಡಕಕ್ಕೆ ಗುರಿ ಇಟ್ಟಾಗಲೂ ಅಭಿನಂದನನಾಥನ ಮರ್ಯಾದೆಗೆ ಸುಮ್ಮನಿದ್ದಳು. ಹುಲಿಯ ಮುಂದೆ ಮಾತ್ರ ಬೆರಳು ಮಡಚಿ ಇಪ್ಪತ್ತನಾಲ್ಕನ್ನೂ ಎಣಿಸಿ ಮುಗಿಸಿ, “ಇದು ಯಾರದೂ ಅಲ್ಲಪಾ. ನನ್ನಂಗ ನಿನ್ನಂಗ ಸಂಸಾರಸ್ಥ,” ಎಂದಳು.

ಆ ಸಂಸಾರಸ್ಥ ಬಂಡೆಯ ಮೇಲೆ ಬೆನ್ನು ತಿರುಗಿಸಿ ಮಲಗಿದ್ದ. ಜನ ಕೂಗಿದರೂ ಕಿವಿಯಷ್ಟೇ ಆಡಿತು. ಆಗ ಅಲ್ಲಿನ ಕಾವಲುಗಾರ, “ಆಜ ತ್ಯಾಚಾ ಉಪವಾಸ ಆಹೇ, ಆಜಿ,” ಎಂದ. ಇವತ್ತು ಅದಕ್ಕೆ ಉಪವಾಸ, ವಾರಕ್ಕೊಂದು ದಿನ ಏನೂ ಹಾಕುವುದಿಲ್ಲ, ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಡಾಕ್ಟರರೇ ಹೇಳಿದ್ದಾರೆ ಎಂದು ವಿವರಿಸಿದ. ದೊಡವ್ವನ ಮುಖ ನೋಡಬೇಕಿತ್ತು ನೀವು.

“ಕೇಳಿದೇನ? ಹುಲಿಗೆ ಡಾಕ್ಟರ ಉಪವಾಸ ಮಾಡ ಅಂತಾನ. ನನಗ ಬ್ಯಾಡ ಅಂತಾನ. ನಾ ಏನ ಹುಲಿಗಿಂತ ಕಡಿಮಿ ಆದೇನಿ?”

ಅಲ್ಲಿಂದ ಸಿಂಹದ ಕಡೆಗೆ ಹೋದೆವು. ಮುಂದೆ ನಾನು ಕಂಡಷ್ಟನ್ನೇ ಬರೆಯುತ್ತೇನೆ. ಸಿಂಹವೆಂದರೆ ಮಹಾವೀರ, ಆಕೆ ದೂರದಿಂದಲೇ ಕೈ ಮುಗಿದಳು. ಮೊದಲು ಎಡಗಾಲಿನ ಚಪ್ಪಲಿ ಹೊರಳಿತು, ಆಮೇಲೆ ಮೊಣಕಾಲು. ಕಟಕಟೆ ಒಂದು ಮೊಳದಷ್ಟೇ ದೂರವಿತ್ತು, ಆದರೆ ಕೈ ಮುಗಿದಿದ್ದರಿಂದ ಹಿಡಿಯಲು ಕೈ ಇರಲಿಲ್ಲ. ತಲೆಯ ಮೇಲಿನ ಸೆರಗು ಕದಲದ ಹಾಗೆ ಆಕೆ ಪಕ್ಕಕ್ಕೆ ಒರಗಿ ಬಿದ್ದಳು. ಆಕೆಯ ಹೆಗಲ ಚೀಲದಿಂದ ಡಬ್ಬಿ ಹಾರಿ, ಕಲ್ಲಿನ ಅಂಚಿಗೆ ಬಡಿದು, ಉರುಳಿ, ಗೋಡೆಗೆ ತಾಗಿ ನಿಂತಿತು. ನಾನು ಡಬ್ಬಿ ಉರುಳುವುದನ್ನೇ ನೋಡುತ್ತಿದ್ದೆ; ಎರಡು ಉಸಿರಿನಷ್ಟು ಹೊತ್ತು ಆಕೆಯ ಕಡೆ ಹೋಗಲಿಲ್ಲ. ಈ ಎರಡು ಉಸಿರನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ಯಾರೋ ನೀರು ತಂದರು, ಯಾರೋ ಗಾಳಿ ಹಾಕಿದರು. ಕಣ್ಣು ತೆರೆದು ಆಕೆ ಆಡಿದ್ದು ಎರಡೇ ಮಾತು. “ಡಬ್ಬಿ ಸಿಕ್ಕಿತೇನ? ಪದ್ಮಾಗ ಹೇಳಬ್ಯಾಡ, ನನ್ನ ಆಣಿ ಐತಿ.” ಆಮೇಲೂ ಉಣ್ಣಲಿಲ್ಲ. ಡಬ್ಬಿ ಮಾತ್ರ ಪದ್ಮಕ್ಕ ಹೇಳಿದಂತೆ ಖಾಲಿಯಾಗಿಯೇ ಊರಿಗೆ ಹೋಯಿತು. ರೈಲಿನಲ್ಲಿ ರೊಟ್ಟಿ ತಿಂದವನು ನಾನು. ನೆಗ್ಗು ಹೇಗೆ ಬಿತ್ತೆಂದು ಪದ್ಮಕ್ಕ ಕೇಳಿದಾಗ, “ಗಾಡ್ಯಾಗ ಬಿತ್ತು,” ಎಂದೆ. ಪರರ ಬಟ್ಟೆಯ ಕೂದಲೆಳೆಯಷ್ಟು ತಪ್ಪಿಗೂ ಕೆಂಪು ದಾರ ಕಟ್ಟುವವನು ಈ ತಪ್ಪಿಗೆ ಕಟ್ಟಲಿಲ್ಲ.

ಹುಲಿಯ ಉಪವಾಸದ ಸುದ್ದಿ ದಾನೋಳಿಯ ಬಸದಿಯಿಂದ ಹೊರಟು, ಇಚಲಕರಂಜಿಯ ನೆಂಟರ ಮನೆಗಳನ್ನು ಸುತ್ತಿ, ಕೊಲ್ಹಾಪುರದ ಡಾಕ್ಟರರ ಕೋಣೆಯನ್ನೂ ಮುಟ್ಟಿತು. ಶ್ರಾವಣ ಬಂದಾಗ ದೊಡವ್ವ ಹತ್ತು ದಿನದ ಉಪವಾಸವನ್ನು ಸಾರಿಯೇ ಬಿಟ್ಟಳು. ಪದ್ಮಕ್ಕ ಅತ್ತಳು, ಜಗಳವಾಡಿದಳು, ಹುಲಿಯ ಕಥೆ ಬರೀ ಸುಳ್ಳು ಎಂದಳು. “ನಡಿ, ನೀನ ಕೇಳ ನಡಿ,” ಎಂದು ದೊಡವ್ವ ಎದ್ದಳು. ಹೀಗೆ ಒಂದು ಅಷ್ಟಮಿಯ ದಿನ ಗಡಹಿಂಗ್ಲಜದಿಂದ ಪದ್ಮಕ್ಕನ ಕಾರಿನಲ್ಲಿ, ಅದೇ ಡಬ್ಬಿ ತುಂಬಿಕೊಂಡು, ರಾಜ್ಯದ ಗಡಿಯಾಚೆಯ ಇನ್ನೊಂದು ಝೂಗೆ ಮೂವರೂ ಹೋದೆವು. ಬೆಳಿಗ್ಗೆ ದೊಡವ್ವ ಬಸದಿಗೆ ಹೋಗಿ ಉಪವಾಸದ ನೇಮ ಹಿಡಿಯಲು ಪದ್ಮಕ್ಕ ಬಿಟ್ಟಿರಲಿಲ್ಲ. ಹೊಟ್ಟೆ ಖಾಲಿ, ನೇಮವಿಲ್ಲ. ನಮ್ಮವರಿಗೆ ಈ ವ್ಯತ್ಯಾಸ ದೊಡ್ಡದು; ನೇಮ ಹಿಡಿಯದಿದ್ದರೆ ಉಂಡರೂ ವ್ರತ ಮುರಿದಂತಲ್ಲ.

ಇದು ಸಣ್ಣ ಝೂ. ಕಂದಕವಿಲ್ಲ, ಎತ್ತರದ ತಂತಿ ಜಾಳಿಗೆ. ಪ್ರಾಣಿಗಳು ಕಡಿಮೆ, ಗಿಡಮರ ಹೆಚ್ಚು. ಬೋರ್ಡುಗಳ ಬಣ್ಣ ಬಿಸಿಲಿಗೆ ಹೋಗಿ, ಕರಡಿ ಎಲ್ಲಿಯದೆಂದು ಕರಡಿಯನ್ನೇ ಕೇಳಬೇಕು. ದೊಡ್ಡ ಝೂನಲ್ಲಿ ಹುಲಿ ಪೂರ್ತಿ ಕಂಡಿತು, ದೂರದಲ್ಲಿ. ಇಲ್ಲಿ ಜಾಳಿಗೆಯ ಚೌಕಗಳಲ್ಲಿ ತುಂಡು ತುಂಡಾಗಿ ಕಂಡಿತು, ಆದರೆ ಉಸಿರಿನ ಸದ್ದು ಕೇಳಿಸಿತು. ಯಾವುದು ಮೇಲು ಎಂದು ನೀವು ಕೇಳಿದರೆ ನಮ್ಮ ಶೆಡ್ಡಿನ ಎರಡು ಮೇಜುಗಳನ್ನು ತೋರಿಸುತ್ತೇನೆ. ಒಂದಕ್ಕೆ ದೀಪ ಕೆಳಗೆ, ಅಲ್ಲಿ ತೂತು ಕಾಣುತ್ತದೆ. ಇನ್ನೊಂದಕ್ಕೆ ಮೇಲೆ, ಅಲ್ಲಿ ಕಲೆ ಕಾಣುತ್ತದೆ. ಎರಡರ ಮೇಲೂ ಎಳೆಯದೆ ಬಟ್ಟೆಯ ವಿಷಯ ಮಾತಾಡಬಾರದು.

ಖಾಕಿ ಅಂಗಿಯ ಒಬ್ಬ ಹಿರಿಯ ಬಕೀಟು ಹಿಡಿದು ಬರುತ್ತಿದ್ದ. ದೊಡವ್ವ ಅವನನ್ನು ನಿಲ್ಲಿಸಿದಳು.

“ಹುಲಿಗೆ ವಾರಕ್ಕ ಒಂದಿನ ಉಪವಾಸ ಇರತೈತೋ ಇಲ್ಲೋ, ಈಕಿಗೆ ಹೇಳಪಾ.”

“ಇರತೈತ್ರಿ ಆಯಿ. ಇವತ್ತ ಐತಿ ನೋಡ್ರಿ.”

ದೊಡವ್ವ ಮಗಳ ಕಡೆ ತಿರುಗಿದಳು. ಪದ್ಮಕ್ಕನ ಮುಖ ಬಿಳಿಚಿತು. ನನ್ನ ಕಣ್ಣು ಮಾತ್ರ ರೂಢಿಯಂತೆ ತಪ್ಪು ಎಳೆಯನ್ನು ಹುಡುಕುತ್ತ ಬಕೀಟಿನ ಮೇಲೆ ಹೋಗಿ ನಿಂತಿತು.

“ಉಪವಾಸ ಅಂದ ಮ್ಯಾಲ ಬಕೀಟಿನ್ಯಾಗ ಏನೈತ್ರಿ?” ಎಂದೆ.

“ಇದು ಹಿಂದಿನ ಮುದುಕೀದ್ರಿ. ಆಕಿಗೆ ಉಪವಾಸ ಇಲ್ಲ.”

“ಯಾಕಿಲ್ಲ?” ಎಂದಳು ದೊಡವ್ವ.

“ಹದಿನೇಳ ವರ್ಷದಾಕಿ ರೀ, ಹುಲಿಗೆ ಅದು ಭಾಳ ವಯಸ್ಸು. ಡಾಕ್ಟರ್ ಬಿಡಿಸ್ಯಾರ. ದಿನಾ ಸ್ವಲ್ಪ ಸ್ವಲ್ಪ, ಸಣ್ಣಗ ತುಂಡ ಮಾಡಿ ಕೊಡತೇವಿ.”

“ಬಿಡ ಅಂದಕೂಡ್ಲೆ ಬಿಟ್ಟಳೇನ?”

“ಎಲ್ಲೀದ್ರಿ. ಇಷ್ಟ ವರ್ಷದ ರೂಢಿ. ಉಪವಾಸದ ದಿನಾ ಹಾಕಿದ್ರ ಮೂಸಿ ನೋಡಿ ಹೊಳ್ಳಿ ಮಲಗತಿದ್ದಳು. ಕಡೀಕ ನಾನ ಜಾಳಿಗಿ ಮುಂದ ಕುಂತೆ. ಕುಂತ್ರ ತಿಂತಾಳ, ಎದ್ದ ಹೋದ್ರ ಬಿಡತಾಳ.”

ಮುದುಕಿಯನ್ನು ಜನರಿಗೆ ತೋರಿಸುವುದಿಲ್ಲ. ಹಿಂದಿನ ಮರಗಳ ಸಂದಿನಲ್ಲಿ ಒಂದು ಕಿವಿ, ಸವೆದ ಬೆನ್ನಿನ ಎರಡು ಪಟ್ಟಿ, ಅಷ್ಟೇ ಕಂಡವು. ಆ ದೊಡ್ಡ ಝೂನಲ್ಲೂ ಗೋಡೆಯ ಹಿಂದೆ ಇಂಥ ಮುದುಕಿ ಇದ್ದಿರಬಹುದು. ನಾವು ಮುಂದಿನದನ್ನಷ್ಟೇ ನೋಡಿ ವಾದ ಕಲಿತು ಬಂದಿದ್ದೆವು. ದೊಡವ್ವ ಬಹಳ ಹೊತ್ತು ಆ ಸಂದಿನಲ್ಲಿ ನೋಡುತ್ತ ನಿಂತಳು.

ಆಗ ನಾನು ಹೇಳಿದೆ. ಆಣೆಯನ್ನು ಮುರಿದು, ಚಪ್ಪಲಿಯಿಂದ ಹಿಡಿದು ರೈಲಿನ ರೊಟ್ಟಿಯವರೆಗೆ ಎಲ್ಲವನ್ನೂ, ಆ ಎರಡು ಉಸಿರನ್ನೂ ಪದ್ಮಕ್ಕನಿಗೆ ಹೇಳಿದೆ. ದೊಡವ್ವ ನನ್ನನ್ನು ತಡೆಯಲಿಲ್ಲ. ಪದ್ಮಕ್ಕ ಅಳುತ್ತಾಳೆ ಎಂದುಕೊಂಡಿದ್ದೆ, ಆಕೆ ಮೂಗು ಒರೆಸಿಕೊಂಡು, “ರೊಟ್ಟಿ ಚಲೋ ಇದ್ದುವೇನ?” ಎಂದಳು.

“ಹಿಂಡಿಗೆ ಉಪ್ಪ ಕಡಿಮಿ ಆಗಿತ್ತು,” ಎಂದೆ. ಕಂಡದ್ದನ್ನು ಕಂಡಂತೆ ಹೇಳುವುದು ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ.

ದೊಡವ್ವ ಆಕಾಶ ನೋಡಿದಳು. ಹೊತ್ತು ಇನ್ನೂ ಮೇಲಿತ್ತು; ಅದು ಮುಳುಗಿದ ಮೇಲೆ ನಮ್ಮವರು ಉಣ್ಣುವುದಿಲ್ಲ. ಬಕೀಟಿನಿಂದ ದೂರ, ಬೇವಿನ ಮರದ ಕೆಳಗಿನ ಕಲ್ಲುಬೆಂಚಿಗೆ ಹೋಗಿ ಕೈ ತೊಳೆದು, ಡಬ್ಬಿ ಮುಟ್ಟಿದಳು. ಮುಚ್ಚಳ ತಾನಾಗಿಯೇ ಬಂತು. ಒಂದು ಚೂರು ರೊಟ್ಟಿ ಎತ್ತಿ, ಬಾಯಿಗೆ ಇಡುವ ಮೊದಲು ನಮ್ಮಿಬ್ಬರನ್ನೂ ನೋಡಿದಳು.

“ನಿಂತೀರಿ ಯಾಕ? ಕುಂದರ್ರಿ. ಎದ್ದ ಹೋದ್ರ ನಾನೂ ಬಿಡತೇನಿ.”

ಕುಳಿತೆವು.

ಈಗ ಭಾದ್ರಪದ. ದೊಡವ್ವ ಪರ್ವದ ದಿನಗಳಲ್ಲಿ ಒಪ್ಪತ್ತು ಉಣ್ಣುತ್ತಿದ್ದಾಳೆ, ಎದುರಿಗೆ ಯಾರಾದರೊಬ್ಬರು ಕೂತರೆ ಮಾತ್ರ. ಮೊನ್ನೆ ನನ್ನ ಪಾಳಿಯಲ್ಲಿ ಫೋನ್ ಬಂತೆಂದು ಎದ್ದೆ. ಆಕೆ ರೊಟ್ಟಿ ಕೆಳಗಿಟ್ಟು ಗೋಡೆ ನೋಡತೊಡಗಿದಳು. ಬಂದು ಕೂತೆ. ನಾಳೆ ಹತ್ತನೆಯ ದಿನ, ಚತುರ್ದಶಿ, ಪಾಳಿ ನನ್ನದೇ. ಸಂಜೆ ಆಕೆಯೇ ಫೋನ್ ಮಾಡಿ, “ಪಾರಿಸಾ, ನಾಳಿ ಒಂದಿನ ಬಿಟ್ಟರ ನಡೀತೈತೇನ?” ಎಂದಳು.

“ಹಿಂದಿನ ಮುದುಕೀನ ಕೇಳಿ ಹೇಳತೇನಿ ದೊಡವ್ವ.”

“ಹಂಗಾರ ಹಿಂಡಿಗೆ ಉಪ್ಪ ಸರೀಗಿ ಹಾಕಸ,” ಎಂದು ಫೋನ್ ಇಟ್ಟಳು.

ಉಪ್ಪು ಹಾಕಿಸಿದ್ದೇನೆ, ರುಚಿ ನೋಡಿದ್ದೇನೆ. ನೆಗ್ಗನ್ನು ಎರಡು ಏಟಿನಲ್ಲಿ ತೆಗೆದುಕೊಡುತ್ತೇನೆಂದು ಪಾತ್ರೆಯ ಅಂಗಡಿಯವನು ಹೇಳಿದ್ದ. ದೊಡವ್ವ ಬೇಡವೆಂದಳು, ಈಗ ಉಗುರು ಮುರಿಯುವುದಿಲ್ಲವಂತೆ. ದಾನೋಳಿಯ ದಾರಿಯಲ್ಲಿ ಗುಂಡಿಗಳು ಬಹಳ, ಮುಚ್ಚಳ ಜಾರಬಾರದು. ಅಂಗಿಯ ಜೇಬಿನಲ್ಲಿ ಶೆಡ್ಡಿನ ಕೆಂಪು ದಾರ ಇದೆ. ಅದನ್ನೇ ಡಬ್ಬಿಗೆ ಎರಡು ಸುತ್ತು ಸುತ್ತಿ, ನೆಗ್ಗಿನ ಮೇಲೆ ಗಂಟು ಹಾಕಿ ಇಟ್ಟಿದ್ದೇನೆ.